ಕಾಮಾಲೆ ಮತ್ತು ಕಿರುನೆಲ್ಲಿ: ಒಂದು ಸಂಶೋಧನೆಯ ಇತಿಹಾಸ

ಮೊದಲ ಮಳೆ ಬಿದ್ದು ಹದಿನೈದು ದಿನ ಕಳೆಯುವುದರೊಳಗೆ ಹಿತ್ತಲಿನಲ್ಲಿ, ಹೊಲದ ಬದುವಿನ ಮೇಲೆ, ಬಸ್ ನಿಲ್ದಾಣದ ಗೋಡೆಯ ಬುಡದಲ್ಲಿ ಕೂಡ ತಾನಾಗಿ ಹುಟ್ಟಿಕೊಳ್ಳುವ ಗೇಣುದ್ದದ ಗಿಡ ಕಿರುನೆಲ್ಲಿ. ನೆಲನೆಲ್ಲಿ ಎಂದೂ ಹೇಳುತ್ತಾರೆ. ಕಡ್ಡಿಯ ಎರಡು ಬದಿಗೂ ಹುಣಿಸೆಯ ಸೊಪ್ಪಿನಂತಹ ಎಲೆಗಳು. ಕಡ್ಡಿಯನ್ನು ಮಗುಚಿದರೆ ಅದರ ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಕಾಯಿಗಳು. ತಮಿಳರು ಇದನ್ನು ಕೀಳಾನೆಲ್ಲಿ, ಅಂದರೆ ಕೆಳಗಿನ ನೆಲ್ಲಿ, ಎನ್ನುವುದು ಇದೇ ಕಾರಣಕ್ಕೆ. ಕಾಮಾಲೆಯಾದವರಿಗೆ ಇದನ್ನು ಬೇರುಸಹಿತ ಕಿತ್ತು, ತೊಳೆದು, ನುಣ್ಣಗೆ ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಹೊಟ್ಟೆಗೆ ಕುಡಿಸುವುದು ನಮ್ಮ ಕಡೆಯ ರೂಢಿ. ನಮ್ಮ ಮನೆಯಲ್ಲಿ ಅಜ್ಜಿಯೇ ಈ ವೈದ್ಯದ ಅಧಿಕಾರಿ. ಔಷಧಿಗಿಂತ ಪಥ್ಯವೇ ಕಠಿಣ: ಎಣ್ಣೆ ಇಲ್ಲ, ಖಾರ ಇಲ್ಲ, ಬರಿಯ ಗಂಜಿ.

ಈ ಗಿಡ ಪ್ರಯೋಗಶಾಲೆಯ ಮೆಟ್ಟಿಲು ಹತ್ತಿದ ಕಥೆ ಸ್ವಾರಸ್ಯವಾದದ್ದು. ಗೆಲುವಿನ ಕಥೆಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಸರ್ಪಗಂಧದಿಂದ ರಿಸರ್ಪಿನ್, ಸಿಂಕೋನಾದಿಂದ ಕ್ವಿನೈನ್. ಕಿರುನೆಲ್ಲಿಯದು ಅಷ್ಟು ಸರಳವಾದ ಕಥೆಯಲ್ಲ. ಆದ್ದರಿಂದಲೇ ಅದನ್ನು ಹೇಳಬೇಕೆನಿಸುತ್ತದೆ.

ಹಳೆಯ ಗ್ರಂಥಗಳಲ್ಲಿ ಹುಡುಕಿದರೆ ಒಂದು ಅಚ್ಚರಿ ಕಾದಿರುತ್ತದೆ. ಚರಕಸಂಹಿತೆ ಇದನ್ನು ತಾಮಲಕೀ ಎಂಬ ಹೆಸರಿನಿಂದ ಗುರುತಿಸಿ ಕೆಮ್ಮು ಮತ್ತು ಉಬ್ಬಸವನ್ನು ಶಮನ ಮಾಡುವ ಮೂಲಿಕೆಗಳ ಗುಂಪಿನಲ್ಲಿ ಸೇರಿಸಿದೆ. ಪಾಂಡುರೋಗದ ಮಾತು ಭಾವಪ್ರಕಾಶದಂತಹ ಈಚಿನ ಗ್ರಂಥದಲ್ಲಿ ಬರುತ್ತದೆ. ಪರಂಪರೆ ಎಂದು ನಾವು ಕರೆಯುವುದು ನಿಂತ ನೀರಲ್ಲ. ಅದೂ ತನ್ನ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ.

ಆಧುನಿಕ ರಸಾಯನಶಾಸ್ತ್ರದ ಗಮನ ಇದರತ್ತ ಹರಿದದ್ದು 1940ರ ದಶಕದಲ್ಲಿ. ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯದ ಜಿ.ವಿ. ಕೃಷ್ಣಮೂರ್ತಿ ಮತ್ತು ಟಿ.ಆರ್. ಶೇಷಾದ್ರಿ ಅವರು ಈ ಗಿಡದ ಕಹಿಗೆ ಕಾರಣವಾದ ವಸ್ತುವನ್ನು ಕುರಿತು 1946ರಲ್ಲಿ ಬರೆದರು. ಆ ಲೇಖನ ಅಚ್ಚಾದದ್ದು ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಆ ವಸ್ತುವಿಗೆ ಫಿಲಾಂಥಿನ್ ಎಂಬ ಹೆಸರು ನಿಂತಿತು. 1985ರಲ್ಲಿ ಲಕ್ನೋದ ಮತ್ತು ಜಪಾನಿನ ವಿಜ್ಞಾನಿಗಳು ಕೂಡಿ, ಫಿಲಾಂಥಿನ್ ಮತ್ತು ಅದರ ಸೋದರ ವಸ್ತುವಾದ ಹೈಪೋಫಿಲಾಂಥಿನ್ ಇಲಿಯ ಪಿತ್ತಜನಕಾಂಗದ ಜೀವಕೋಶಗಳನ್ನು ವಿಷದಿಂದ ಕಾಪಾಡುತ್ತವೆ ಎಂದು ತೋರಿಸಿದರು.

ಇಲ್ಲಿ 'ಕಾಪಾಡುವುದು' ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಗೊಂದಲವೆಲ್ಲ ಇಲ್ಲಿಂದಲೇ ಹುಟ್ಟಿದ್ದು. ಔಷಧವಿಜ್ಞಾನಿಗಳು ಇಂತಹ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವುದು ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವವನ್ನು. ಅದು ದೇಹದೊಳಗೆ ಹೋದಾಗ ಪಿತ್ತಜನಕಾಂಗದ ಕಿಣ್ವಗಳೇ ಅದನ್ನು ಒಡೆದು ತೀವ್ರವಾಗಿ ವರ್ತಿಸುವ ತುಣುಕುಗಳನ್ನಾಗಿ ಮಾಡುತ್ತವೆ. ಆ ತುಣುಕುಗಳು ಜೀವಕೋಶದ ಹೊದಿಕೆಯನ್ನು ಹರಿಯುತ್ತವೆ. ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಮೂಲಿಕೆ ಕೊಟ್ಟ ಇಲಿಯಲ್ಲಿ ಈ ಸೋರಿಕೆ ಕಡಿಮೆಯಾದರೆ ಮೂಲಿಕೆಗೆ ರಕ್ಷಕ ಗುಣವಿದೆ ಎನ್ನುತ್ತಾರೆ. ಪರೀಕ್ಷೆ ಪ್ರಾಮಾಣಿಕವಾದದ್ದೇ. ಆದರೆ ನಮ್ಮ ಹಳ್ಳಿಯ ಕಾಮಾಲೆ ರೋಗಿ ಕಾರ್ಬನ್ ಟೆಟ್ರಾಕ್ಲೋರೈಡ್ ಕುಡಿದವನಲ್ಲ. ಅವನ ಪಿತ್ತಜನಕಾಂಗದಲ್ಲಿ ಇರುವುದು ಹೆಚ್ಚಾಗಿ ವೈರಾಣು. ಬೆಂಕಿ ತಗಲದ ಸೀರೆಯನ್ನು ನುಸಿಯೂ ತಿನ್ನುವುದಿಲ್ಲ ಎನ್ನಲು ಬರುತ್ತದೆಯೆ?

ಕಾಮಾಲೆ ತರುವ ವೈರಾಣುಗಳಲ್ಲೂ ಜಾತಿಗಳಿವೆ. 1955ರ ಕೊನೆ ಮತ್ತು 1956ರ ಆರಂಭದಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಅದು ಇಂದು ನಾವು ಹೆಪಟೈಟಿಸ್ 'ಇ' ಎಂದು ಕರೆಯುವ ರೋಗವೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಬಸುರಿಯರಿಗೆ ಈ ರೋಗ ಅಪಾಯಕಾರಿ. ಅವರನ್ನು ಬಿಟ್ಟರೆ ಬಹುಪಾಲು ಜನ ಕೆಲವು ವಾರಗಳಲ್ಲಿ ತಾವಾಗಿ ಚೇತರಿಸಿಕೊಳ್ಳುತ್ತಾರೆ. ನೀರಿನಿಂದಲೇ ಹರಡುವ ಹೆಪಟೈಟಿಸ್ 'ಎ' ಸಹ ಹಾಗೆಯೇ. ಹಾಗಿರುವಾಗ ಮೂರು ವಾರ ಏನನ್ನು ಕುಡಿಸಿದರೂ ಕುಡಿಸಿದ್ದಕ್ಕೆ ಕೀರ್ತಿ ಬರುತ್ತದೆ. ಅಜ್ಜಿಯ ಕೈಗುಣವನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ವಿಶ್ರಾಂತಿ, ಗಂಜಿ, ಹೆಂಡದಿಂದ ದೂರ ಇರಿಸುವುದು, ಇವೆಲ್ಲ ಒಳ್ಳೆಯ ಶುಶ್ರೂಷೆಯೇ.

ಆದರೆ ಹೆಪಟೈಟಿಸ್ 'ಬಿ' ಬೇರೆಯೇ ಪ್ರಾಣಿ. ಅದು ರಕ್ತದ ಮೂಲಕ, ದೇಹ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಬರುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಅದನ್ನು ನಿವಾರಿಸಿಕೊಳ್ಳುತ್ತಾರೆ. ಹುಟ್ಟುವಾಗ ತಗಲಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ಕಣ್ಣು ಹಳದಿಯಾಗುವುದಿಲ್ಲ, ಹಸಿವು ಹೋಗುವುದಿಲ್ಲ. ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು, ಕೆಲವರಲ್ಲಿ ಪಿತ್ತಜನಕಾಂಗ ಗಟ್ಟಿಯಾಗಿ ಸಿರೋಸಿಸ್, ಕೆಲವರಲ್ಲಿ ಕ್ಯಾನ್ಸರ್.

ಈ ವೈರಾಣುವಿನ ಸುಳಿವು ಹಿಡಿದವರು ಅಮೆರಿಕದ ಬರೂಚ್ ಬ್ಲಂಬರ್ಗ್. ಅವರು ಹುಡುಕುತ್ತಿದ್ದದ್ದು ವೈರಾಣುವನ್ನಲ್ಲ, ಬೇರೆ ಬೇರೆ ಜನಾಂಗಗಳ ರಕ್ತದಲ್ಲಿನ ವ್ಯತ್ಯಾಸಗಳನ್ನು. ಹಲವು ಬಾರಿ ರಕ್ತ ಪಡೆದಿದ್ದ ನ್ಯೂಯಾರ್ಕಿನ ಕುಸುಮರೋಗಿಯೊಬ್ಬನ ರಕ್ತಸಾರ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತಸಾರದೊಡನೆ ಪ್ರತಿಕ್ರಿಯಿಸಿತು. 1965ರಲ್ಲಿ ಪ್ರಕಟವಾದ ಈ 'ಆಸ್ಟ್ರೇಲಿಯಾ ಪ್ರತಿಜನಕ' ಹೆಪಟೈಟಿಸ್ 'ಬಿ' ವೈರಾಣುವಿನ ಹೊರಕವಚವೆಂದು ಆಮೇಲೆ ಸ್ಪಷ್ಟವಾಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಬ್ಲಂಬರ್ಗ್ ಭಾರತವನ್ನು ಬಲ್ಲವರು. 1980ರ ದಶಕದಲ್ಲಿ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿಗೂ ಬಂದಿದ್ದರು.

ಮದರಾಸು ವಿಶ್ವವಿದ್ಯಾನಿಲಯದ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1982ರಲ್ಲಿ, ಗರುಗದ ಸೊಪ್ಪು ಹಾಗೂ ಕಿರುನೆಲ್ಲಿಯ ಸಾರಗಳು ಗಾಜಿನ ನಳಿಗೆಯಲ್ಲಿ ಈ ಪ್ರತಿಜನಕವನ್ನು ನಿಷ್ಕ್ರಿಯಗೊಳಿಸುತ್ತವೆ ಎಂದು ವರದಿ ಮಾಡಿದರು. ಫಿಲಡೆಲ್ಫಿಯಾದಲ್ಲಿ ಬ್ಲಂಬರ್ಗ್ ಅವರ ತಂಡ ಇದನ್ನು ಮುಂದುವರಿಸಿತು. ಅಮೆರಿಕದ ವುಡ್‌ಚಕ್ ಎಂಬ, ಅಳಿಲಿನ ಕುಲಕ್ಕೆ ಸೇರಿದ ದಪ್ಪನೆಯ ಪ್ರಾಣಿಗೆ ಇದೇ ಬಗೆಯ ವೈರಾಣು ತಗಲುತ್ತದೆ. ಕಿರುನೆಲ್ಲಿಯ ಸಾರ ಚುಚ್ಚಿದಾಗ, ಹೊಸದಾಗಿ ಸೋಂಕಿದ್ದ ಕೆಲವು ಪ್ರಾಣಿಗಳ ರಕ್ತದಲ್ಲಿ ವೈರಾಣುವಿನ ಗುರುತು ಮಾಯವಾಯಿತೆಂದು 1987ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಲ್ಲಿನ ಸಂಸ್ಥೆಗೆ ಈ ಬಳಕೆಯ ಮೇಲೆ ಅಮೆರಿಕದ ಪೇಟೆಂಟೂ ದೊರಕಿತು. ನಮ್ಮ ಹಿತ್ತಲಿನ ಗಿಡಕ್ಕೆ ಅವರ ಪೇಟೆಂಟೇ ಎಂದು ಮುಂದೆ ದೊಡ್ಡ ಚರ್ಚೆಯಾದದ್ದು ಹಲವರಿಗೆ ನೆನಪಿರಬಹುದು.

1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮದರಾಸಿನ ಪ್ರಯೋಗದ ಫಲಿತಾಂಶ ಬಂತು. ವೈರಾಣುವನ್ನು ಹೊತ್ತವರಿಗೆ ಒಣಗಿಸಿದ ಕಿರುನೆಲ್ಲಿಯ ಪುಡಿಯನ್ನು 200 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, 30 ದಿನ ಕೊಟ್ಟಿದ್ದರು. ಪುಡಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಪ್ರತಿಜನಕ ಹೋಗಿತ್ತು. ಹುಸಿಔಷಧಿ ಪಡೆದ 23 ಮಂದಿಯಲ್ಲಿ ಒಬ್ಬನಿಗೆ ಮಾತ್ರ. ಶೇಕಡಾ 59 ಎಲ್ಲಿ, 4 ಎಲ್ಲಿ! ಲೇಖಕರೇ ಇದನ್ನು ಪ್ರಾಥಮಿಕ ಅಧ್ಯಯನವೆಂದು ಕರೆದಿದ್ದರು. ಹುಸಿಔಷಧಿಯ ಗುಂಪಿನಲ್ಲಿ ಹಲವರು ಮರುಪರೀಕ್ಷೆಗೆ ಬಾರದೆ ಹೋದದ್ದು ಆ ಅಧ್ಯಯನದ ಬಲಹೀನತೆ. ಆದರೆ ಸುದ್ದಿ ಹರಡುವಾಗ 'ಪ್ರಾಥಮಿಕ' ಎಂಬ ಮಾತು ದಾರಿಯಲ್ಲೇ ಉದುರಿಹೋಗುತ್ತದೆ.

1990ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಥಾಯ್ಲೆಂಡಿನ ವೈದ್ಯರು ತಮ್ಮಲ್ಲಿ ಕಿರುನೆಲ್ಲಿ ವಿಫಲವಾಯಿತೆಂದು ಬರೆದರು. 1994ರಲ್ಲಿ ನ್ಯೂಜಿಲೆಂಡಿನಿಂದಲೂ ಅಂತಹದೇ ಉತ್ತರ. ಪ್ರಯೋಗಶಾಲೆಯಲ್ಲಿ ಮಾತ್ರ ಕೆಲವು ಆಶಾದಾಯಕ ಫಲಿತಾಂಶಗಳು ಬರುತ್ತಲೇ ಇದ್ದವು. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆ 2011ರಲ್ಲಿ ಹೊರಬಂತು: ದೀರ್ಘಕಾಲದ ಹೆಪಟೈಟಿಸ್ 'ಬಿ'ಗೆ ಇದು ಉಪಯುಕ್ತವೆನ್ನಲು ಮನವೊಪ್ಪುವ ಪುರಾವೆ ಇಲ್ಲ.

ನನ್ನ ಸೋದರಮಾವನವರಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಾಮಾಲೆಯಾಗಿತ್ತು. ಅಜ್ಜಿ ಕಿರುನೆಲ್ಲಿ ಕುಡಿಸಿದರು, ಗುಣವಾಯಿತು. ಎಷ್ಟೋ ವರ್ಷಗಳ ಮೇಲೆ ರಕ್ತದಾನ ಶಿಬಿರವೊಂದರಲ್ಲಿ ರಕ್ತ ಕೊಟ್ಟಾಗ, ಹೆಪಟೈಟಿಸ್ 'ಬಿ' ಇದೆ, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಪತ್ರ ಬಂತು. "ಅದನ್ನು ಅಮ್ಮ ಅಂದೇ ತೊಳೆದು ಹಾಕಿದ್ದಾಳೆ" ಎಂದು ನಕ್ಕು, ಮುನ್ನೆಚ್ಚರಿಕೆಗೆ ಪ್ರತಿ ಮಳೆಗಾಲ ಒಂದು ವಾರ ಕಿರುನೆಲ್ಲಿ ಕುಡಿಯುತ್ತ ಬಂದರು. ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕ್ಯಾನ್ಸರ್ ಹರಡಿತ್ತು. ನಲವತ್ತೊಂಬತ್ತು ವರ್ಷ. ಯೌವನದಲ್ಲಿ ಬಂದ ಕಾಮಾಲೆಗೂ ಆ ವೈರಾಣುವಿಗೂ ಸಂಬಂಧವೇ ಇದ್ದಿರಲಾರದು, ಅದು ಹುಟ್ಟಿನಿಂದಲೇ ಜೊತೆಗೆ ಬಂದದ್ದಿರಬೇಕು ಎಂದು ವೈದ್ಯರು ಹೇಳಿದಾಗ ಅಜ್ಜಿ ಪಕ್ಕದಲ್ಲೇ ಇದ್ದರು. ಆ ಮಾತಿನ ಅರ್ಥ ಅವರಿಗೆ ಆಯಿತೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಬ್ಲಂಬರ್ಗ್ ಮತ್ತು ಅವರ ಸಹೋದ್ಯೋಗಿ ಅರ್ವಿಂಗ್ ಮಿಲ್‌ಮನ್ 1969ರಲ್ಲಿಯೇ ಲಸಿಕೆಯ ಉಪಾಯವನ್ನು ಮುಂದಿಟ್ಟಿದ್ದರು. ತೈವಾನ್ 1984ರಿಂದ ನವಜಾತ ಶಿಶುಗಳಿಗೆ ಲಸಿಕೆ ಹಾಕಿತು. ಮಕ್ಕಳಲ್ಲಿ ಪಿತ್ತಜನಕಾಂಗದ ಕ್ಯಾನ್ಸರ್ ಇಳಿದದ್ದು 1997ರ ಹೊತ್ತಿಗೆ ದಾಖಲಾಯಿತು. ಅದೇ 1997ರಲ್ಲಿ ಹೈದರಾಬಾದಿನ ಕಂಪನಿಯೊಂದು ಅಗ್ಗದ ದೇಶೀಯ ಲಸಿಕೆಯನ್ನು ಮಾರುಕಟ್ಟೆಗೆ ತಂದಿತು. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ 2002ರ ಸುಮಾರಿಗೆ ಪ್ರಾಯೋಗಿಕವಾಗಿ ಸೇರಿ, 2011ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಪರೀಕ್ಷೆ ಮತ್ತು ಮಾತ್ರೆಗಳು ಉಚಿತ. ಮಾತ್ರೆ ವೈರಾಣುವನ್ನು ಅದುಮಿಡುತ್ತದೆ, ಸಾಮಾನ್ಯವಾಗಿ ಬೇರುಸಹಿತ ಕೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಮಂದಿ ಈ ವೈರಾಣುವನ್ನು ಹೊತ್ತಿದ್ದರು.

ಇನ್ನು ಗಿಡದ ಹೆಸರಿನ ವಿಷಯ. ಲಿನೇಯಸ್ 1753ರಲ್ಲಿ ಕೊಟ್ಟ ಫಿಲಾಂಥಸ್ ನಿರೂರಿ ಎಂಬ ಹೆಸರನ್ನೇ ನಮ್ಮ ಪುಸ್ತಕಗಳೆಲ್ಲ ಬಳಸುತ್ತಿದ್ದವು. ಆದರೆ ಆ ಹೆಸರಿನ ನಿಜವಾದ ಗಿಡ ಅಮೆರಿಕ ಖಂಡದ್ದು. ನಮ್ಮಲ್ಲಿ ಆ ಹೆಸರಿನಡಿ ಅಮರಸ್, ಫ್ರಟರ್ನಸ್, ಡೆಬಿಲಿಸ್ ಎಂಬ ಮೂರು ಜಾತಿಗಳು ಬೆರೆತಿವೆ ಎಂದು 1985ರಲ್ಲಿ ಸಸ್ಯವಿಜ್ಞಾನಿಗಳು ತೋರಿಸಿದರು. ಅಂದರೆ ಹಳೆಯ ಎಷ್ಟೋ ಪ್ರಯೋಗಗಳಲ್ಲಿ ಅರೆದದ್ದು ಯಾವ ಗಿಡವೆಂದೇ ಖಚಿತವಿಲ್ಲ. 2010ರಲ್ಲಿ ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ 25 ಅಂಗಡಿಗಳಿಂದ ಒಣ ಕಿರುನೆಲ್ಲಿ ತರಿಸಿ, ಡಿಎನ್‌ಎ ಪರೀಕ್ಷೆಯನ್ನೂ ಮಾಡಿ ನೋಡಿದರು. ಶೇಕಡಾ 76ರಷ್ಟು ಅಂಗಡಿಗಳ ಸರಕು ಬಹುತೇಕ ಅಮರಸ್ ಜಾತಿಯೇ ಆಗಿತ್ತು. ಉಳಿದವುಗಳಲ್ಲಿ ಅದೇ ಕುಲದ ಐದು ಬೇರೆ ಜಾತಿಗಳು ಸೇರಿದ್ದವು. ಎಲ್ಲವೂ ಕಿರುನೆಲ್ಲಿ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು.