ನರ್ಸಿಂಗ್ ಹೋಮ್‌ನಲ್ಲಿ ಔಷಧಿ ಚೀಟಿ: ಹಾಲಹರವಿ ಭಾಗದವರು ತಿಳಿದಿರಬೇಕಾದ ಸಂಗತಿಗಳು

ಹಾಲಹರವಿ: ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ, ಆಲೂರು ಮತ್ತು ಬಳ್ಳಾರಿಯ ನಡುವೆ ಇರುವ ಮಂಡಲ ಕೇಂದ್ರ ಹಾಲಹರವಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕಚೇರಿ ಕೆಲಸಕ್ಕೆ ಕರ್ನೂಲು ದಾರಿಯಾಯಿತು. ಕಾಯಿಲೆ ಬಿದ್ದವರು ಮಾತ್ರ ಈಗಲೂ ಆದೋನಿಗೆ ಹೋಗುವಷ್ಟೇ ಸಹಜವಾಗಿ ಬಳ್ಳಾರಿಗೂ ಹೋಗುತ್ತಾರೆ.

ಹೀಗಾಗಿ ಒಬ್ಬ ರೋಗಿಯ ಚೀಟಿ ಎರಡು ರಾಜ್ಯ ಸುತ್ತುತ್ತದೆ. ಬಳ್ಳಾರಿಯ ನರ್ಸಿಂಗ್ ಹೋಮ್‌ನಲ್ಲಿ ಬರೆದದ್ದನ್ನು ಆಲೂರಿನ ಮೆಡಿಕಲ್ ಶಾಪ್‌ನವರು ಓದಬೇಕು. ರೋಗಿ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಶಾಲೆಯಲ್ಲಿ ತೆಲುಗು ಕಲಿತಿರುತ್ತಾನೆ, ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಅಕ್ಷರ ತಿಳಿಯದಿದ್ದರೆ ಕೇಳುವುದು ಯಾರನ್ನು?

ವಿದೇಶಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ವೃದ್ಧರನ್ನು ನೋಡಿಕೊಳ್ಳುವ ಮನೆ. ನಮ್ಮಲ್ಲಿ ಅದು ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಅಲ್ಲಿ ದಾಖಲಾದವರಿಗೆ ಔಷಧಿ ತಲುಪುವ ದಾರಿ ಉದ್ದವಾದದ್ದು. ಡಾಕ್ಟರು ಕೇಸ್ ಶೀಟ್‌ನಲ್ಲಿ ಬರೆಯುತ್ತಾರೆ, ಸಿಸ್ಟರ್ ಅದನ್ನು ಔಷಧಿ ಚಾರ್ಟ್‌ಗೆ ಇಳಿಸುತ್ತಾರೆ, ಮನೆಯವರು ಚೀಟಿ ಹಿಡಿದು ಔಷಧಿ ತರುತ್ತಾರೆ, ರಾತ್ರಿ ಪಾಳಿಗೆ ಬಂದ ಇನ್ನೊಬ್ಬ ಸಿಸ್ಟರ್ ಕೊಡುತ್ತಾರೆ. ಎಲ್ಲಿ ಬೇಕಾದರೂ ತಪ್ಪು ನುಸುಳಬಹುದು. ಕೊನೆಯ ಕಾವಲು ಸಿಸ್ಟರ್.

ತಪ್ಪು ಹೇಗೆ ಆಗುತ್ತದೆ ಎಂಬುದಕ್ಕೆ ಇನ್ಸುಲಿನ್ ಒಳ್ಳೆಯ ಉದಾಹರಣೆ. ನಮ್ಮ ದೇಶದಲ್ಲಿ ಎರಡು ಬಗೆಯ ಇನ್ಸುಲಿನ್ ಬಳಕೆಯಲ್ಲಿದೆ. ಸಾಮಾನ್ಯ ಸೀಸೆಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಪೆನ್ ಕಾರ್ಟ್ರಿಜ್‌ಗಳಲ್ಲಿ ಮತ್ತು ಕೆಲವು ಸೀಸೆಗಳಲ್ಲಿ 100 ಯೂನಿಟ್. ಸಿರಿಂಜ್‌ಗಳೂ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 20 ಯೂನಿಟ್ ಅಲ್ಲ, 50. ಸಕ್ಕರೆ ಅಂಶ ದಿಢೀರನೆ ಇಳಿದು ರೋಗಿ ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯವಾಗಬಹುದು. ಅದಲು ಬದಲಾದರೆ 20ರ ಬದಲು ಹೋಗುವುದು ಬರೀ 8. ಯೂನಿಟ್ ಎಂಬುದನ್ನು ಇಂಗ್ಲಿಷಿನ 'ಯು' ಅಕ್ಷರವೊಂದರಲ್ಲೇ ಬರೆದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುವುದೂ ಉಂಟು. ಆದ್ದರಿಂದ ಯೂನಿಟ್ ಎಂದು ಪೂರ್ತಿ ಬರೆಯಬೇಕು. ಚುಕ್ಕಿಯ ಕಥೆಯೂ ಇಷ್ಟೇ. 5.0 ಎಂದು ಬರೆದು ಚುಕ್ಕಿ ಮಸುಕಾದರೆ 50. ಅರ್ಧ ಮಿಲಿಗ್ರಾಂ ಬರೆಯುವಾಗ ಮುಂದೆ ಸೊನ್ನೆ ಬೇಕೇ ಬೇಕು, 0.5 ಎಂದು.

ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ನಿನ ಪುಟ್ಟ ಸೀಸೆ ನೋಡಲು ನೀರಿನ ಸೀಸೆಯಂತೆಯೇ ಇರುತ್ತದೆ. ಅದನ್ನು ಸಲೈನ್‌ಗೆ ಬೆರೆಸಿ ನಿಧಾನವಾಗಿ ಕೊಡಬೇಕು. ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಅದಕ್ಕೇ ವಾರ್ಡ್‌ನಲ್ಲಿ ಅದನ್ನು ಬೇರೆ ಕಡೆ, ಬೀಗ ಹಾಕಿ ಇಡಬೇಕೆನ್ನುತ್ತಾರೆ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಂದು ದಿನದ ಮಾತ್ರೆ. ದಿನವೂ ನುಂಗಿದರೆ ವಿಷ. ವಾರದ ಯಾವ ದಿನ ಎಂಬುದನ್ನು ಚೀಟಿಯಲ್ಲಿ ಹೆಸರಿಸಿಯೇ ಬರೆಸಿಕೊಳ್ಳಬೇಕು.

ಸಿಸ್ಟರುಗಳಿಗೆ ಕಲಿಸುವ ಮೊದಲ ಪಾಠ ಐದು 'ಸರಿ'ಗಳದ್ದು: ಸರಿಯಾದ ರೋಗಿ, ಸರಿಯಾದ ಔಷಧಿ, ಪ್ರಮಾಣ, ಮಾರ್ಗ, ಸಮಯ. ಕೊಟ್ಟ ಮೇಲೆ ಆಗಲೇ ಬರೆದು ಸಹಿ ಮಾಡಬೇಕು. ಡಾಕ್ಟರು ಫೋನಿನಲ್ಲಿ ಹೇಳಿದ ಔಷಧಿಯನ್ನು ಬರೆದುಕೊಂಡು, ಅವರಿಗೇ ಓದಿ ಹೇಳಿ ಖಚಿತಪಡಿಸಿಕೊಳ್ಳಬೇಕು. ರಾತ್ರಿ ಹೊತ್ತು ಡಾಕ್ಟರಿಲ್ಲದ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಇದು ದಿನನಿತ್ಯದ ಮಾತು.

ಆದರೆ ಎಷ್ಟು ಜನ ಸಿಸ್ಟರುಗಳಿದ್ದಾರೆ? ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪ್ರಕಾರ ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬರು, ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬರು ಇರಬೇಕು, ರಜೆಗಾಗಿ ಶೇ. 30ರಷ್ಟು ಹೆಚ್ಚುವರಿ. ಬಿಳಿ ಕೋಟು ತೊಟ್ಟವರೆಲ್ಲ ನರ್ಸ್ ಅಲ್ಲ ಎಂಬುದೂ ಗೊತ್ತಿರಲಿ. ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಾಯಿಸಿದವರೇ ನರ್ಸ್. ಸಂಬಳ ಉಳಿಸಲು ತರಬೇತಿಯಿಲ್ಲದ ಹುಡುಗಿಯರ ಕೈಗೆ ಸಿರಿಂಜ್ ಕೊಟ್ಟರೆ ತಪ್ಪು ಆ ಹುಡುಗಿಯದಲ್ಲ, ಇಟ್ಟುಕೊಂಡವರದ್ದು.

ಬರವಣಿಗೆಯ ವಿಚಾರದಲ್ಲಿ 2002ರ ವೈದ್ಯ ನೀತಿ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ಬಂತು. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ಅದು ಹೇಳುತ್ತದೆ. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಓದಬಲ್ಲ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕಿನ ಭಾಗ ಎಂದಿತು. ಚೀಟಿಯಲ್ಲಿ ಒ.ಡಿ. ಎಂದರೆ ದಿನಕ್ಕೊಮ್ಮೆ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ, ಎಚ್.ಎಸ್. ಮಲಗುವಾಗ, ಎಸ್.ಒ.ಎಸ್. ಬೇಕಾದಾಗ ಮಾತ್ರ. ಬಿಡುಗಡೆಯಾಗುವಾಗ ಸಿಸ್ಟರಿಂದ ಇದನ್ನೆಲ್ಲ ಕನ್ನಡದಲ್ಲೋ ತೆಲುಗಿನಲ್ಲೋ ಮಾತ್ರೆ ಪಟ್ಟಿಯ ಮೇಲೆ ಬರೆಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ತಪ್ಪಾಗಿದೆ ಎಂಬ ಅನುಮಾನ ಬಂದರೆ ಮೊದಲು ಕೇಸ್ ಶೀಟ್ ಪ್ರತಿ ಕೇಳಬೇಕು. 2002ರ ನಿಯಮಗಳಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಕಾಯ್ದಿಡಬೇಕು. ನರ್ಸಿಂಗ್ ಹೋಮ್‌ಗಳ ನೋಂದಣಿಗೆ ಆಂಧ್ರದಲ್ಲಿ 2002ರ ಕಾಯ್ದೆ, ಕರ್ನಾಟಕದಲ್ಲಿ 2007ರ ಕೆಪಿಎಂಇ ಕಾಯ್ದೆ ಇದೆ. ಇವುಗಳ ಅಡಿಯ ದೂರು ಆಸ್ಪತ್ರೆ ಇರುವ ಜಿಲ್ಲೆಗೇ ಹೋಗಬೇಕು. ಪರಿಹಾರ ಕೇಳುವುದಾದರೆ ಬೇರೆ ದಾರಿಯಿದೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ವಾಸವಿರುವ ಜಿಲ್ಲೆಯಲ್ಲೂ ದೂರು ಕೊಡಲು ಅವಕಾಶ ನೀಡಿದೆ. ಬಳ್ಳಾರಿಯಲ್ಲಿ ಚಿಕಿತ್ಸೆ ಪಡೆದ ಹಾಲಹರವಿಯವರು ಕರ್ನೂಲಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. ಗಡುವು 2 ವರ್ಷ.