ಅಜ್ಜಿಯ ಆಣೆ ಲೆಕ್ಕ

1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದಾಗ ನನಗೆ ಒಂಬತ್ತು ವರ್ಷ. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ. ಅಂದಿನಿಂದ 100 ನಯಾ ಪೈಸೆ. ಹಳೆಯದೂ ಹೊಸದೂ ಕೆಲ ವರ್ಷ ಒಟ್ಟಿಗೇ ಓಡಾಡಿದವು. ಒಂದಾಣೆಗೆ ಸರಿಯಾಗಿ ಆರೂಕಾಲು ನಯಾ ಪೈಸೆ. ಕಾಲು ಪೈಸೆಯನ್ನು ಯಾರು ಕೊಡುತ್ತಾರೆ? ಸರ್ಕಾರದ ಪಟ್ಟಿ ಹೀಗಿತ್ತು: ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25.

ಓದು ಬಾರದ ನಮ್ಮಜ್ಜಿ ಒಂದೇ ವಾರದಲ್ಲಿ ಇದರ ಗುಟ್ಟು ಹಿಡಿದಳು. "ಮೂರಾಣೆ ಬೆಲ್ಲ ಒಂದೇ ಸಲ ತರಬೇಡ ಕಣೋ, ಒಂದೊಂದಾಣೆದು ಮೂರು ಸಲ ತಾ." ಹದಿನೆಂಟಕ್ಕೇ ಮುಗಿಯುತ್ತಿತ್ತು, ಉಳಿದ ಒಂದು ಪೈಸೆ ಸಾಸಿವೆ ಡಬ್ಬಿಗೆ. ಮೂರನೇ ಸಲ ಹೋದಾಗ ಶೆಟ್ಟರು ಗೊಣಗಿ, ತಾವೇ ನಕ್ಕುಬಿಟ್ಟರು.

1964ರಲ್ಲಿ 'ನಯಾ' ಉದುರಿತು. 2011ರಲ್ಲಿ ನಾಲ್ಕಾಣೆ ನಾಣ್ಯದ ಚಲಾವಣೆಯೂ ನಿಂತಿತು. ಆದರೂ ದೊಡ್ಡ ಪೊಟ್ಟಣ ಅಗ್ಗವೆಂದು ಅಂಗಡಿಯವನು ಮುಂದಿಟ್ಟರೆ, ಇಂದಿಗೂ ನೂರು ಗ್ರಾಂಗೆ ಎಷ್ಟು ಬಿತ್ತೆಂದು ಬೆರಳು ಮಡಿಸುತ್ತೇನೆ. ಎಷ್ಟೋ ಸಲ ಚಿಕ್ಕದೇ ಅಗ್ಗ. ಅಜ್ಜಿಯ ಮಾತು ಹದಿನಾರಾಣೆ ನಿಜ.