ಕೊಳ್ಳಿದೆವ್ವದಿಂದ ಕ್ಯಾಮೆರಾದ ಬೆಳಕಿನ ಗೋಳದವರೆಗೆ



ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಾವಣಗೆರೆಯ ನಮ್ಮ ಮನೆಗೆ ಬಂದು ಒಂದು ಛಾಯಾಚಿತ್ರವನ್ನು ನನ್ನ ಮುಂದಿಟ್ಟ. ಅವನ ತಂದೆಯವರ ಶಿವಗಣಾರಾಧನೆಯ ದಿನ ಸಂಜೆ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರವದು. ಅವನ ತಾಯಿ ಗೋಡೆಗೊರಗಿ ಕುಳಿತಿದ್ದರು. ಅವರ ತಲೆಯ ಮೇಲ್ಗಡೆ ಹುಣ್ಣಿಮೆಯ ಚಂದ್ರನಂತಹ ಒಂದು ಬಿಳಿಯ ಗೋಳ! ಸುತ್ತ ಇನ್ನೂ ನಾಲ್ಕಾರು ಮಸುಕು ಗೋಳಗಳು. "ಅವರೇ ಬಂದಿದ್ದರು" ಎಂದು ತಾಯಿ ನಂಬಿದ್ದರು. ವಿಷಯ ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ಯಾರೋ ಒಬ್ಬ ಮಂತ್ರವಾದಿ ಆ ಚಿತ್ರವನ್ನು ನೋಡಿ, "ಆತ್ಮಕ್ಕೆ ಮುಕ್ತಿ ಸಿಕ್ಕಿಲ್ಲ, ಶಾಂತಿ ಮಾಡಿಸಬೇಕು" ಎಂದು ಹೇಳಿ, ಆ ಬಡ ಕುಟುಂಬಕ್ಕೆ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಮೊತ್ತವನ್ನು ಕೇಳಿದ್ದ. ತಾಯಿ ಕಿವಿಯ ಓಲೆಯನ್ನು ಅಡವಿಡಲು ಸಿದ್ಧರಾಗಿದ್ದರು. "ಸಾರ್, ನೀವೇ ಬಂದು ಹೇಳ್ರಿ" ಎಂದು ಹುಡುಗ ಕೈಮುಗಿದ.

ಏನು ಹೇಳುವುದು? ಅಂದು ರಾತ್ರಿ ಯೋಚಿಸುತ್ತ ಕುಳಿತಾಗ ನನಗೆ ನೆನಪಾದದ್ದು ನನ್ನ ಬಾಲ್ಯದ ಕೊಳ್ಳಿದೆವ್ವ.

1970ರ ಸುಮಾರಿನ ಮಾತು. 1224ರಲ್ಲಿ ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ತೇರು ನೋಡಿಕೊಂಡು ನಾವು ರಾತ್ರಿ ನಡೆದು ಊರಿಗೆ ಮರಳುತ್ತಿದ್ದೆವು. ಸೂಳೆಕೆರೆಯಿಂದ ಹರಿದು ಬಂದು ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳದ ಆಚೆ ದಡದಲ್ಲಿ ಒಂದು ಬೆಳಕು ಕಾಣಿಸಿತು. ಒಮ್ಮೆ ಹತ್ತಿತು, ಆರಿತು. ಮತ್ತೆ ಸ್ವಲ್ಪ ದೂರದಲ್ಲಿ ಹತ್ತಿತು. ನಮ್ಮಜ್ಜಿ ನನ್ನ ಬಾಯಿಗೆ ಸೆರಗು ಒತ್ತಿ, "ಮಾತಾಡಬ್ಯಾಡ, ಕೊಳ್ಳಿದೆವ್ವ, ಕೂಗಿದ್ರೆ ಹಿಂದೆ ಬರ್ತೈತಿ" ಎಂದರು. ಮನೆ ಸೇರಿದ ಮೇಲೆ ನನಗೆ ಎರಡು ದಿನ ಜ್ವರ!

ಈ ಕೊಳ್ಳಿದೆವ್ವ ನಮ್ಮ ನಾಡಿನ ಸ್ವತ್ತಷ್ಟೇ ಅಲ್ಲ. ಬಂಗಾಳದ ಜೌಗು ಪ್ರದೇಶಗಳಲ್ಲಿ ಅದಕ್ಕೆ 'ಆಲೇಯಾ' ಎಂದು ಹೆಸರು; ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ 'ಚಿರ್ ಬತ್ತಿ'. ಯುರೋಪಿನ ವಿದ್ವಾಂಸರು ಲ್ಯಾಟಿನ್ ಭಾಷೆಯಲ್ಲಿ 'ಇಗ್ನಿಸ್ ಫ್ಯಾಟುಯಸ್' ಎಂದರು, ಅಂದರೆ ಮರುಳು ಬೆಂಕಿ. ಎಲ್ಲೆಡೆಯೂ ಕಥೆ ಒಂದೇ: ಕೆಸರು, ಕತ್ತಲು, ಒಂಟಿ ದಾರಿಹೋಕ, ದೂರದಲ್ಲೊಂದು ಅಲೆದಾಡುವ ಬೆಳಕು.

ಇದರ ಹಿಂದೆ ಭೌತಿಕ ಕಾರಣವಿರಬಹುದೆಂಬ ಅನ್ವೇಷಣೆಗೆ ಗಟ್ಟಿಯಾದ ತಳಪಾಯ ದೊರೆತದ್ದು 1776ರಲ್ಲಿ. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ (ವಿದ್ಯುತ್ ಕೋಶವನ್ನು ಕಂಡುಹಿಡಿದವನೇ) ಮಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಆ ಅನಿಲ ಉರಿಯುವುದನ್ನು ತೋರಿಸಿದ. ಅದೇ ಮೀಥೇನ್, ಇಂದು ನಮ್ಮ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವ ಅನಿಲ. ಆದರೆ ಒಂದು ತೊಡಕಿತ್ತು. ಮೀಥೇನ್ ತಾನಾಗಿಯೇ ಹೊತ್ತಿಕೊಳ್ಳುವುದಿಲ್ಲ. ಹಾಗಾದರೆ ಕಡ್ಡಿ ಗೀರುವವರು ಯಾರು? 1783ರಲ್ಲಿ ಫ್ರಾನ್ಸಿನ ಜೆಂಜೆಂಬ್ರ್ ಎಂಬಾತ ರಂಜಕದಿಂದ ಪಡೆದ ಅನಿಲ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತಿತ್ತು. ಇದೇ ಫಾಸ್ಫೀನ್, ಜೀವಿಗಳು ಕೊಳೆಯುವಲ್ಲಿ ಇದು ಹುಟ್ಟಿ ಮೀಥೇನನ್ನು ಹೊತ್ತಿಸುತ್ತದೆಂದು ಬಹುಕಾಲ ಹೇಳುತ್ತ ಬಂದರು. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೇನೆ. 2025ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಜೇರ್ ಅವರ ತಂಡ ಇನ್ನೊಂದು ದಾರಿಯನ್ನು ತೋರಿಸಿತು: ನೀರಿನಲ್ಲಿ ಏಳುವ ಮೀಥೇನ್‌ನ ಸೂಕ್ಷ್ಮ ಗುಳ್ಳೆಗಳ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ಮಿಂಚುಗಳು ಹಾರಿ, ಆ ಅನಿಲ ಆಮ್ಲಜನಕದೊಡನೆ ಸೇರುವ ಕ್ರಿಯೆಯನ್ನು ಆರಂಭಿಸಬಲ್ಲವು. ನೋಡಿ, ವೋಲ್ಟಾನ ಸೀಸೆಯಿಂದ ಇಲ್ಲಿಗೆ ಸುಮಾರು 250 ವರ್ಷಗಳು! ಪಠ್ಯಪುಸ್ತಕದ ಒಂದು ಸಾಲಿನ ಉತ್ತರವನ್ನು ಕೊನೆಯ ಮಾತೆಂದು ತಿಳಿಯಬಾರದು ಎಂಬ ಪಾಠ ನನಗೂ ಆಯಿತು.

ಇಷ್ಟಾದರೂ ಹರಿದ್ರಾ ದಂಡೆಯಲ್ಲಿ ನಾನು ಕಂಡ ಬೆಳಕು ಮೀಥೇನ್ ಎಂದು ನಾನು ಹೇಳಲಾರೆ. ಅದಕ್ಕೊಂದು ಕಾರಣವಿದೆ. ಭದ್ರಾ ನಾಲೆಯ ನೀರು ಬಂದ ಮೇಲೆ ದಾವಣಗೆರೆ, ಹರಿಹರಗಳ ಸುತ್ತ ಭತ್ತದ ಗದ್ದೆಗಳು ಬಹಳ ಹೆಚ್ಚಿದವು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಮೀಥೇನ್ ಧಾರಾಳವಾಗಿ ಹುಟ್ಟುತ್ತದೆ. ಹಾಗಿದ್ದ ಮೇಲೆ ಕೊಳ್ಳಿದೆವ್ವಗಳೂ ಹೆಚ್ಚಬೇಕಿತ್ತಲ್ಲವೇ? ಆದದ್ದು ತದ್ವಿರುದ್ಧ. ಹಳ್ಳಿಗಳಿಗೆ ವಿದ್ಯುತ್ ಕಂಬಗಳು ಬಂದವು, ಎಲ್ಲರ ಕೈಗೂ ಬ್ಯಾಟರಿ ಬಂತು, ಕೊಳ್ಳಿದೆವ್ವಗಳು ಮಾಯವಾದವು. 'ಕೊಳ್ಳಿ' ಎಂದರೆ ಉರಿಯುವ ಕಟ್ಟಿಗೆ ಎಂಬುದನ್ನು ನೆನೆಯಿರಿ. ರಾತ್ರಿ ಹೊಲಕ್ಕೆ ನೀರು ಕಟ್ಟುವವನು, ಮೀನು ಹಿಡಿಯುವವನು, ಬೆಳೆ ಕಾಯುವವನು ಕೈಯಲ್ಲಿ ಕೊಳ್ಳಿ ಹಿಡಿದೇ ನಡೆಯುತ್ತಿದ್ದ. ಆರದಿರಲೆಂದು ಆಗಾಗ ಬೀಸುತ್ತಿದ್ದ. ಗಿಡದ ಮರೆಗೆ ಹೋದರೆ ಬೆಳಕು ಆರಿದಂತೆ, ಈಚೆ ಬಂದರೆ ಹತ್ತಿದಂತೆ. ನನ್ನನ್ನು ಎರಡು ದಿನ ಜ್ವರದಲ್ಲಿ ಮಲಗಿಸಿದವನು ಬಹುಶಃ ನಮ್ಮಂತೆಯೇ ಮನೆಗೆ ಹೊರಟಿದ್ದ ಒಬ್ಬ ರೈತ. ಅವನೂ ನಮ್ಮ ಕೈಯ ಲಾಟೀನನ್ನು ಕಂಡು ಹೆದರಿರಬಹುದು!

ಹೊಲದಿಂದ ಮಾಯವಾದ ದೆವ್ವ ಮರಳಿ ಬಂದದ್ದು ಕ್ಯಾಮೆರಾದೊಳಗೆ. ಇದೂ ಹಳೆಯ ವ್ಯವಹಾರವೇ. 1860ರ ದಶಕದಲ್ಲಿ ಅಮೆರಿಕೆಯ ವಿಲಿಯಂ ಮಮ್ಲರ್ ಎಂಬ ಛಾಯಾಗ್ರಾಹಕ, ಸತ್ತವರ ಮಸುಕು ರೂಪ ಬದುಕಿರುವವರ ಪಕ್ಕದಲ್ಲಿ ಕಾಣುವಂತಹ ಚಿತ್ರಗಳನ್ನು ಮಾರುತ್ತಿದ್ದ. ಅಲ್ಲಿನ ಅಂತರ್ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ಅಸಂಖ್ಯವಾಗಿದ್ದ ಕಾಲವದು. 1869ರಲ್ಲಿ ನ್ಯೂಯಾರ್ಕ್‌ನಲ್ಲಿ ಅವನ ಮೇಲೆ ವಂಚನೆಯ ವಿಚಾರಣೆ ನಡೆಯಿತು. ಒಂದೇ ಗಾಜಿನ ಫಲಕದ ಮೇಲೆ ಎರಡು ಚಿತ್ರ ಮೂಡಿಸುವ ಬಗೆಯನ್ನು ಛಾಯಾಗ್ರಾಹಕರು ನ್ಯಾಯಾಲಯದಲ್ಲಿ ವಿವರಿಸಿದರು. ಆದರೂ ಸಾಕ್ಷ್ಯ ಸಾಲದೆ ಅವನು ಬಿಡುಗಡೆಯಾದ.

ಬೆಳಕಿನ ಗೋಳಗಳ ಕಾಲ ಆರಂಭವಾದದ್ದು 1990ರ ದಶಕದ ಕೊನೆಗೆ, ಜೇಬಿನ ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ. ಇಲ್ಲಿ ಮೋಸವೇನೂ ಇಲ್ಲ, ಕೇವಲ ಬೆಳಕಿನ ನಿಯಮ. ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಮಸೂರದಿಂದ ದೂರದಲ್ಲಿರುತ್ತಿತ್ತು. ಪುಟ್ಟ ಕ್ಯಾಮೆರಾದಲ್ಲಿ ಅದು ಮಸೂರದ ಪಕ್ಕಕ್ಕೇ ಬಂತು. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವೆಂದು ನಿಮಗೆ ಕಲಿಸಿದ್ದೇನೆ. 2 ಮೀಟರ್ ದೂರದ ಮುಖಕ್ಕೆ ಹೋಲಿಸಿದರೆ 10 ಸೆಂಟಿಮೀಟರ್ ದೂರದಲ್ಲಿ ತೇಲುವ ಧೂಳಿನ ಕಣದ ಮೇಲೆ ಸುಮಾರು 400 ಪಟ್ಟು ಹೆಚ್ಚು ಬೆಳಕು ಬೀಳುತ್ತದೆ. ಆ ಬೆಳಕು ನೇರ ಮಸೂರಕ್ಕೇ ಹಿಂದಿರುಗುತ್ತದೆ. ಕಣ ಅತಿ ಹತ್ತಿರವಿರುವುದರಿಂದ ಅದರ ಬಿಂಬ ಸ್ಪಷ್ಟವಾಗದೆ ದುಂಡಗೆ ಹರಡುತ್ತದೆ. ಧೂಳು, ಮಳೆಹನಿ, ಸಣ್ಣ ಹುಳು, ಎಲ್ಲವೂ ಗೋಳವೇ. ದ್ವಾರರಂಧ್ರ ಆರು ಮೂಲೆಯದಾದ ಕ್ಯಾಮೆರಾದಲ್ಲಿ 'ಆತ್ಮ'ವೂ ಆರು ಮೂಲೆಯದಾಗಿರುತ್ತದೆ! ರಾತ್ರಿ ಕಾವಲಿನ ಸಿ.ಸಿ. ಟಿ.ವಿ.ಯಲ್ಲಿ ಮಸೂರದ ಸುತ್ತಲೇ ಅವಕೆಂಪು ದೀಪಗಳಿರುವುದರಿಂದ, ಹಾರುವ ಹುಳು ಅಲ್ಲಿ ತೇಲಾಡುವ ಗೋಳವಾಗುತ್ತದೆ. ದೆವ್ವ ಹುಡುಕುವವರು ಪಾಳುಮನೆಗೆ ಹೋಗುವುದೇ ರಾತ್ರಿ, ಧೂಳಿನ ನಡುವೆ, ಇದೇ ಉಪಕರಣಗಳೊಡನೆ. ಹತ್ತಿಯ ಮಿಲ್ಲುಗಳಿಂದ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ, ಮಂಡಕ್ಕಿ ಭಟ್ಟಿಗಳ ಹೊಗೆಯನ್ನು ದಿನವೂ ಕಾಣುವ ನಮ್ಮ ದಾವಣಗೆರೆಯವರಿಗೆ ಗಾಳಿಯಲ್ಲಿ ಏನೆಲ್ಲ ತೇಲುತ್ತದೆಂದು ಬೇರೆ ಹೇಳಬೇಕೆ?

ಮರುದಿನ ಸಂಜೆ ಆ ಮನೆಗೆ ಹೋದೆ. ಜೊತೆಗೆ ನನ್ನ ಹಳೆಯ ಸಂಗಾತಿಯಾದ ಕರಿಹಲಗೆಯ ಡಸ್ಟರನ್ನು ಒಯ್ದಿದ್ದೆ. ಅದೇ ಕ್ಯಾಮೆರಾ, ಅದೇ ಗೋಡೆ. ಮೊದಲು ಗಾಳಿ ನೆಮ್ಮದಿಯಾಗಿದ್ದಾಗ ಫ್ಲ್ಯಾಶ್ ಹಾಕಿ ಚಿತ್ರ ತೆಗೆಸಿದೆ: ಗೋಳವಿಲ್ಲ. ಬಳಿಕ ಕ್ಯಾಮೆರಾದ ಮುಂದೆ ಡಸ್ಟರನ್ನು ತಟ್ಟಿದೆ: ಹತ್ತಾರು ಗೋಳಗಳು. ಮತ್ತೆ ತಟ್ಟಿ, ಫ್ಲ್ಯಾಶ್ ಆರಿಸಿ, ಮನೆಯ ದೀಪದಲ್ಲೇ ತೆಗೆಸಿದೆ: ಒಂದೂ ಇಲ್ಲ. ಕೊನೆಯ ಸಲ ತಾಯಿಯ ಕೈಗೇ ಡಸ್ಟರ್ ಕೊಟ್ಟೆ. ಆರಾಧನೆಯ ದಿನ ಮನೆಯಲ್ಲಿ ಜಮಖಾನ ಕೊಡವಿದ್ದರು, ಲೋಬಾನ ಹಾಕಿದ್ದರು, ವಿಭೂತಿ ಹಂಚಿದ್ದರು ಎಂಬುದನ್ನು ಅವರೇ ನೆನೆದರು.

ತುಸು ಹೊತ್ತು ಸುಮ್ಮನಿದ್ದು, "ಹಂಗಾರೆ ಅವರು ಬಂದಿರಲಿಲ್ಲ ಅಂದಂಗಾತು, ಅಲ್ಲೇನ್ರಿ ಮೇಷ್ಟ್ರೆ?" ಎಂದರು.

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರಶ್ನೆಗಳಿಗೆ ಉತ್ತರ ಹೇಳಿದ ನನಗೆ ಗಂಟಲು ಕಟ್ಟಿತು. "ನೋಡ್ರಿ ಅಮ್ಮಾ, ಅವರು ನಿಮ್ಮ ನೆನಪಿನಾಗ ಅದಾರೋ ಇಲ್ಲೋ ಅನ್ನೋದನ್ನ ಕ್ಯಾಮೆರಾ ಹೇಳಂಗಿಲ್ಲ. ಈ ಬಿಳಿ ಗುಂಡು ಧೂಳು ಅನ್ನೋದನ್ನಷ್ಟೇ ನಾನು ಹೇಳಬಲ್ಲೆ. ಅದರ ಸಲುವಾಗಿ ನೀವು ಓಲೆ ಅಡ ಇಡಬ್ಯಾಡ್ರಿ" ಎಂದೆ. ಅವರು ಅಡವಿಡಲಿಲ್ಲ. ಆ ಚಿತ್ರವನ್ನು ಮಾತ್ರ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನಾನು ಆಕ್ಷೇಪಿಸಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ, ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರಿಶೀಲಿಸಬಹುದಾದ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದು 1976ರಲ್ಲಿ. ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲೊಂದಾಗಿ ಸಂವಿಧಾನಕ್ಕೆ ಸೇರಿಸಿದ 42ನೆಯ ತಿದ್ದುಪಡಿಯೂ ಅದೇ ವರ್ಷದ್ದು. ವಾಮಾಚಾರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾನೂನು ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಇವೆಲ್ಲವೂ ಬೇಕು. ಆದರೆ ದುಃಖದಲ್ಲಿರುವವರ ಮುಂದೆ ಕಾನೂನು ಓದುವುದಕ್ಕಿಂತ ಡಸ್ಟರ್ ತಟ್ಟಿ ತೋರಿಸುವುದು ಮೇಲೆಂದು ನನ್ನ ಅನುಭವ.

ನಿಮ್ಮ ಮನೆಯಲ್ಲೂ ಇಂತಹ ಚಿತ್ರವಿದ್ದರೆ ನಗಬೇಡಿ, ಹೆದರಲೂ ಬೇಡಿ. ಮಕ್ಕಳನ್ನು ಕೂರಿಸಿಕೊಂಡು ಈ ಪ್ರಯೋಗ ಮಾಡಿ. ಡಸ್ಟರ್ ಸಿಗದಿದ್ದರೆ ಹಳೆಯ ದಿಂಬಾದರೂ ಆದೀತು. ಏನು ಕಂಡಿತೆಂದು ನನಗೆ ಬರೆದು ತಿಳಿಸಿ.